ಡಾಕ್ಟರ್ ಹೂ: ಮುಖ ಬದಲಾದರೆ ಸಿಟ್ಟು, ಮಾತು ತಪ್ಪಿದರೆ?

2025ರ ಮೇ 31ರಂದು ಬ್ರಿಟನ್ನಿನ ಬಿಬಿಸಿಯಲ್ಲಿ ‘ಡಾಕ್ಟರ್ ಹೂ’ ಸರಣಿಯ ಆ ವರ್ಷದ ಕೊನೆಯ ಸಂಚಿಕೆ ಪ್ರಸಾರವಾಯಿತು. ಕೊನೆಯ ನಿಮಿಷದಲ್ಲಿ ಡಾಕ್ಟರ್ ಪಾತ್ರದ ಶೂಟಿ ಗಾಟ್ವಾ ಅವರ ಮೈಯಿಂದ ಬೆಳಕು ಚಿಮ್ಮಿತು. ಬೆಳಕು ಇಳಿದಾಗ ಅಲ್ಲಿ ನಿಂತಿದ್ದವರು ಬಿಲ್ಲಿ ಪೈಪರ್. 2005ರಲ್ಲಿ ಇದೇ ಸರಣಿಯಲ್ಲಿ ಡಾಕ್ಟರ್ ಜೊತೆ ಊರೂರು ಸುತ್ತಿದ ರೋಸ್ ಟೈಲರ್ ಪಾತ್ರ ಮಾಡಿದ್ದವರು. ಸಾಮಾನ್ಯವಾಗಿ ಇಂಥ ಸಂಚಿಕೆ ಮುಗಿದಾಗ ಹೊಸಬರ ಹೆಸರಿನ ಜೊತೆ ‘ಡಾಕ್ಟರ್ ಪಾತ್ರದಲ್ಲಿ’ ಅಂತ ಹಾಕುತ್ತಾರೆ. ಈ ಸಲ ಪಾತ್ರ ಯಾವುದು ಅಂತ ಹೇಳದೆ ಬರೀ ಪೈಪರ್ ಹೆಸರು ಹಾಕಿ ಬಿಟ್ಟರು.

ಅಲ್ಲಿಂದ ಶುರುವಾದ ಜಗಳ ಇನ್ನೂ ಆರಿಲ್ಲ. ಆಕೆ ನಿಜಕ್ಕೂ ಡಾಕ್ಟರಾ? ಹೌದಾದರೆ ಹಳೇ ಗೆಳತಿಯ ಮುಖ ಯಾಕೆ? ಅಲ್ಲದಿದ್ದರೆ ಯಾರು? ಈ ಗಲಾಟೆಯ ನಡುವೆಯೇ 2025ರ ಅಕ್ಟೋಬರ್‌ನಲ್ಲಿ ಬಿಬಿಸಿ ಇನ್ನೊಂದು ಸುದ್ದಿ ಕೊಟ್ಟಿತು. 2022ರಲ್ಲಿ ಕೈಜೋಡಿಸಿದ್ದ ಡಿಸ್ನಿ ಪ್ಲಸ್ ಮುಂದಿನ ಸಂಚಿಕೆಗಳಿಗೆ ಜೊತೆಗಿರುವುದಿಲ್ಲ, 2026ರ ಕ್ರಿಸ್‌ಮಸ್‌ಗೆ ರಸೆಲ್ ಟಿ ಡೇವಿಸ್ ಬರೆದ ಒಂದು ವಿಶೇಷ ಸಂಚಿಕೆ ಬರುತ್ತದೆ ಅಂತ. ದೊಡ್ಡ ದುಡ್ಡಿನ ಪಾಲುದಾರ ಎದ್ದು ಹೋದ ಮೇಲೆ ‘ಇದಕ್ಕೆಲ್ಲ ಯಾರು ಕಾರಣ’ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಆಗ ಹಲವರ ಬೆರಳು ತೋರಿದ್ದು ನಟರ ಕಡೆಗೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಇಲ್ಲಿ ಎರಡು ಬೇರೆ ಬೇರೆ ತಕರಾರುಗಳು ಒಂದೇ ಚೀಲದಲ್ಲಿ ಸೇರಿಕೊಂಡಿವೆ. ಒಂದು, ಪಾತ್ರವನ್ನು ಯಾರು ಮಾಡಬೇಕು ಎಂಬುದು. ಇನ್ನೊಂದು, ಕಥೆ ತಾನು ಹಿಂದೆ ಹೇಳಿದ್ದಕ್ಕೆ ಬದ್ಧವಾಗಿದೆಯೇ ಎಂಬುದು. ಇವೆರಡನ್ನೂ ಬಿಡಿಸಿ ನೋಡದಿದ್ದರೆ ಬರಹಗಾರರು ಮಾಡಿದ ಸಾಲವನ್ನು ನಟರು ತೀರಿಸುತ್ತಾ ಕೂರಬೇಕಾಗುತ್ತದೆ. ಹಾಗೆ ಆಗಿರುವುದು ಇದೇ ಮೊದಲೂ ಅಲ್ಲ.

ಕಾಯಿಲೆಯಿಂದ ಹುಟ್ಟಿದ ನಿಯಮ

ಗೊತ್ತಿಲ್ಲದವರಿಗೆ ಎರಡು ಮಾತು. ಡಾಕ್ಟರ್ ಅಂದರೆ ಬೇರೆ ಗ್ರಹದಿಂದ ಬಂದ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಜೀವಿ. ವಾಹನ ಟಾರ್ಡಿಸ್. ಹೊರಗಿಂದ ನೋಡಿದರೆ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆ, ಒಳಗೆ ಹೊಕ್ಕರೆ ಅರಮನೆಯಷ್ಟು ಜಾಗ. ಸಾಯುವ ಹೊತ್ತು ಬಂದಾಗ ಡಾಕ್ಟರ್ ಸಾಯುವುದಿಲ್ಲ, ಹೊಸ ದೇಹ, ಹೊಸ ಮುಖ ಪಡೆಯುತ್ತಾರೆ. ಕನ್ನಡದಲ್ಲಿ ಬರೆಯುವ ನನಗೆ ಇಲ್ಲೊಂದು ಅನುಕೂಲವಿದೆ. ‘ಡಾಕ್ಟರ್ ಬಂದರು’ ಅಂದರೆ ಸಾಕು, ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡುವ ಕಷ್ಟವಿಲ್ಲ.

ನಾನು ಇದನ್ನು ನೋಡಲು ಶುರು ಮಾಡಿದ್ದು ಎಂಜಿನಿಯರಿಂಗ್ ಓದುವಾಗ, ಹಾಸ್ಟೆಲ್ ಗೆಳೆಯನೊಬ್ಬನ ಹಾರ್ಡ್ ಡಿಸ್ಕಿನಿಂದ. ಮೊದಲು ಕಂಡ ಡಾಕ್ಟರ್ ಡೇವಿಡ್ ಟೆನೆಂಟ್. ಅವರು ಹೋಗಿ ಮ್ಯಾಟ್ ಸ್ಮಿತ್ ಬಂದಾಗ ‘ಇವನ್ಯಾವನೋ ಗುರು’ ಅಂತ ಎರಡು ವಾರ ಮುನಿಸಿಕೊಂಡು ಕೂತಿದ್ದೆ. ಆ ಮುನಿಸು ಏನು ಅಂತ ನನಗೆ ಗೊತ್ತು. ಹಾಗಾಗಿ ಅಭಿಮಾನಿಗಳನ್ನು ಆಡಿಕೊಳ್ಳುವ ಉದ್ದೇಶ ನನಗಿಲ್ಲ.

ಸರಣಿ ಶುರುವಾದದ್ದು 1963ರ ನವೆಂಬರ್ 23ರಂದು. ಮೊದಲ ಕಥೆಯ ನಿರ್ದೇಶಕ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್, ನಿರ್ಮಾಪಕಿ ಇನ್ನೂ 30 ದಾಟದ ವೆರಿಟಿ ಲ್ಯಾಂಬರ್ಟ್. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್. ಮೂರು ವರ್ಷದಲ್ಲಿ ಅವರ ಆರೋಗ್ಯ ಕೆಟ್ಟಿತು. ಸಂಭಾಷಣೆ ನೆನಪಿಟ್ಟುಕೊಳ್ಳುವುದೇ ಕಷ್ಟವಾಯಿತು. ನಮ್ಮ ಸೀರಿಯಲ್‌ಗಳಲ್ಲಾದರೆ ‘ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು’ ಅಂತ ಒಂದು ಸಾಲು ತೋರಿಸಿ ಮುಂದೆ ಹೋಗುತ್ತಿದ್ದರು. ಬಿಬಿಸಿಯವರು ಬೇರೆ ದಾರಿ ಹುಡುಕಿದರು. 1966ರ ಅಕ್ಟೋಬರ್ 29ರ ಸಂಚಿಕೆಯಲ್ಲಿ ಹಾರ್ಟ್‌ನೆಲ್ ನೆಲಕ್ಕೆ ಕುಸಿದರು, ಕಣ್ಣೆದುರಿಗೇ ಪ್ಯಾಟ್ರಿಕ್ ಟ್ರೌಟನ್ ಆದರು.

ಇದಕ್ಕೆ ‘ರೀಜನರೇಶನ್’ ಎಂಬ ಹೆಸರು ಕಥೆಯೊಳಗೆ ಬಂದದ್ದು 1974ರಲ್ಲಿ, ಮೂರನೇ ಡಾಕ್ಟರ್ ಹೊರಡುವ ಹೊತ್ತಿಗೆ. ಅಂದರೆ ಇವತ್ತು ‘ಸರಣಿಯ ಮೂಲ ನಿಯಮ’ ಅಂತ ನಾವು ಕಾಪಾಡಲು ಹೊರಟಿರುವುದು ಒಬ್ಬ ನಟರ ಕಾಯಿಲೆಗೆ ಹುಡುಕಿದ ತುರ್ತು ಪರಿಹಾರ. ಸಾಫ್ಟ್‌ವೇರ್ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ರಾತ್ರೋರಾತ್ರಿ ಹಾಕಿದ ತೇಪೆಯೇ ಹತ್ತು ವರ್ಷದ ನಂತರ ಇಡೀ ವ್ಯವಸ್ಥೆಯ ಕಂಬವಾಗಿ ನಿಂತಿರುತ್ತದೆ. ಇನ್ನೊಂದು ತಮಾಷೆ ಕೇಳಿ. ಆ ಮೊದಲ ಬದಲಾವಣೆ ನಡೆದ ಸಂಚಿಕೆಯ ಪೂರ್ತಿ ಟೇಪನ್ನು ಬಿಬಿಸಿ ಉಳಿಸಿಕೊಳ್ಳಲೂ ಇಲ್ಲ. ಆ ಕ್ಷಣದ ತುಣುಕು ಉಳಿದದ್ದು ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮ ಅದನ್ನು ಬಳಸಿಕೊಂಡಿದ್ದರಿಂದ.

ಲೆಕ್ಕ ಯಾವತ್ತೂ ತಾಳೆಯಾಗಿರಲಿಲ್ಲ

‘ಹಳೇ ಕಥೆಗೆ ಹೊಂದಲ್ಲ’ ಎಂಬ ತಕರಾರನ್ನು ನೋಡೋಣ. 2020ರ ಮಾರ್ಚ್ 1ರ ಸಂಚಿಕೆಯಲ್ಲಿ ಆಗಿನ ಮುಖ್ಯ ಬರಹಗಾರ ಕ್ರಿಸ್ ಚಿಬ್ನಲ್ ಒಂದು ಬಾಂಬ್ ಹಾಕಿದರು. ಡಾಕ್ಟರ್ ಮೂಲತಃ ಟೈಮ್ ಲಾರ್ಡ್‌ಗಳ ಗ್ರಹದವರೇ ಅಲ್ಲ, ಎಲ್ಲೋ ಸಿಕ್ಕ ಅನಾಥ ಮಗು. ಹಾರ್ಟ್‌ನೆಲ್‌ಗಿಂತ ಮೊದಲು ಎಷ್ಟೋ ಮುಖಗಳಿದ್ದವು, ಅವೆಲ್ಲ ನೆನಪಿನಿಂದ ಅಳಿಸಿಹೋಗಿವೆ. ಅದೇ ವರ್ಷದ ಜನವರಿಯಲ್ಲಿ ಜೋ ಮಾರ್ಟಿನ್ ಎಂಬ ಕಪ್ಪು ನಟಿ ಡಾಕ್ಟರ್ ಆಗಿ ಕಾಣಿಸಿಕೊಂಡಿದ್ದರು. ‘60 ವರ್ಷದ ಇತಿಹಾಸ ಹಾಳಾಯಿತು’ ಎಂಬ ಕೂಗು ಎದ್ದಿತು.

ಆದರೆ 1976ಕ್ಕೆ ಹೋಗಿ. ವರ್ಷದ ಆರಂಭದಲ್ಲಿ ಬಂದ ‘ದಿ ಬ್ರೇನ್ ಆಫ್ ಮಾರ್ಬಿಯಸ್’ ಕಥೆಯಲ್ಲಿ ಹಾರ್ಟ್‌ನೆಲ್‌ಗೂ ಮೊದಲು ಡಾಕ್ಟರಿಗೆ ಬೇರೆ ಮುಖಗಳಿದ್ದವು ಎಂಬಂತೆ ಎಂಟು ಮುಖಗಳನ್ನು ತೋರಿಸಿದ್ದಾರೆ. ವೇಷ ಹಾಕಿ ಫೋಟೋಗೆ ನಿಂತವರು ಸರಣಿಯ ತಂಡದವರೇ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಬಂದ ‘ದಿ ಡೆಡ್ಲಿ ಅಸಾಸಿನ್’ ಕಥೆಯಲ್ಲಿ ಟೈಮ್ ಲಾರ್ಡ್‌ಗಳು 12 ಸಲ ಮಾತ್ರ ದೇಹ ಬದಲಿಸಬಹುದು ಅಂತ ಮಿತಿ ಹಾಕಿದರು. ಒಂದೇ ವರ್ಷ, ಹೆಚ್ಚುಕಡಿಮೆ ಅದೇ ತಂಡ, ಒಂದಕ್ಕೊಂದು ಕೂಡದ ಎರಡು ಲೆಕ್ಕ. ಮಿತಿ ಮುಗಿಯುವ ಹೊತ್ತಿಗೆ, 2013ರ ಕ್ರಿಸ್‌ಮಸ್ ಸಂಚಿಕೆಯಲ್ಲಿ ಸ್ಟೀವನ್ ಮೊಫಾಟ್ ಡಾಕ್ಟರಿಗೆ ಹೊಸ ಆಯುಷ್ಯವನ್ನೇ ಬರೆದುಕೊಟ್ಟರು. ಇದೆಲ್ಲ ಬಿಡಿ, ಅಟ್ಲಾಂಟಿಸ್ ಮುಳುಗಿದ್ದು ಹೇಗೆ ಎಂಬುದಕ್ಕೆ 1967, 1971, 1972ರ ಮೂರು ಕಥೆಗಳು ಮೂರು ಕಾರಣ ಕೊಡುತ್ತವೆ. ಅದನ್ನು ಹಿಡಿದುಕೊಂಡು ಸರಣಿ ನೋಡುವುದನ್ನೇ ಬಿಟ್ಟವರನ್ನು ನಾನು ಕಂಡಿಲ್ಲ.

ಹಾಗಾದರೆ ಮಾರ್ಬಿಯಸ್ ಮುಖಗಳನ್ನು ಪ್ರೀತಿಯಿಂದ ನೆನೆಯುವವರೇ ಜೋ ಮಾರ್ಟಿನ್ ಮುಖ ಕಂಡು ‘ಇತಿಹಾಸ ಹಾಳು’ ಅಂದರೆ ಏನರ್ಥ? ಆಗ ತಕರಾರು ಇತಿಹಾಸದ್ದಲ್ಲ, ಮುಖದ್ದು. 2017ರ ಜುಲೈನಲ್ಲಿ ಜೋಡಿ ವಿಟೇಕರ್ ಹೆಸರು ಘೋಷಣೆಯಾದಾಗಲೂ ಇದೇ ಆಯಿತು. ಡಾಕ್ಟರ್ ಹೆಣ್ಣಾಗುವುದು ಕಥೆಯ ನಿಯಮಕ್ಕೆ ವಿರುದ್ಧ ಅಂದರು. ಆದರೆ ನೀಲ್ ಗೈಮನ್ ಬರೆದ 2011ರ ಸಂಚಿಕೆಯಲ್ಲೇ ಗಂಡೂ ಹೆಣ್ಣೂ ಎರಡೂ ಆಗಿದ್ದ ಟೈಮ್ ಲಾರ್ಡ್ ಒಬ್ಬರ ಪ್ರಸ್ತಾಪವಿತ್ತು. 2014ರಲ್ಲಿ ಡಾಕ್ಟರ್‌ನ ಹಳೇ ವೈರಿ ಮಾಸ್ಟರ್, ಮಿಶೆಲ್ ಗೋಮೆಜ್ ಆಗಿ ಬಂದಿದ್ದರು. ನಿಯಮ ಮುಂಚೆಯೇ ಬರೆದಾಗಿತ್ತು, ಓದದೇ ಇದ್ದವರು ನಾವು. ವಿಟೇಕರ್ ಅವರ ಮೊದಲ ಸಂಚಿಕೆಯನ್ನು 2018ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೋಡಿದರು. ಹೆಣ್ಣು ಅಂತ ಜನ ಟಿ.ವಿ. ಆಫ್ ಮಾಡಿರಲಿಲ್ಲ. ಮುಂದೆ ವೀಕ್ಷಕರು ಕಡಿಮೆಯಾದರು, ನಿಜ. ಆದರೆ ಅದಕ್ಕೆ ಕಾರಣ ಹುಡುಕಬೇಕಾದ ಜಾಗ ಬೇರೆ.

ಹಾಗಂತ ಏನು ಬೇಕಾದರೂ ಮಾಡಬಹುದಾ?

ನನ್ನ ಹಾರ್ಡ್ ಡಿಸ್ಕ್ ಗೆಳೆಯ ಈ ವಾದ ಒಪ್ಪುವುದಿಲ್ಲ. ಮೊನ್ನೆ ಫೋನಿನಲ್ಲಿ ಅರ್ಧ ಗಂಟೆ ಜಗಳವಾಡಿದ. ‘ಮೊದಲಿಂದಲೂ ಲೆಕ್ಕ ತಪ್ಪೇ ಇತ್ತು ಅಂತ ಹೇಳಿಬಿಟ್ರೆ ಮುಗೀತಾ? ಏನು ಬೇಕಾದ್ರೂ ಆಗಬಹುದು ಅನ್ನೋ ಕಥೆಯಲ್ಲಿ ಯಾರು ಸತ್ತರೆ ನನಗೇನು, ಯಾರು ಉಳಿದರೆ ನನಗೇನು?’ ಅಂತ. ಈ ಮಾತಿಗೆ ನನ್ನ ಬಳಿ ಸುಲಭದ ಉತ್ತರವಿರಲಿಲ್ಲ. ಯೋಚಿಸುತ್ತಾ ಹೋದಂತೆ ಅವನು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ ಅನ್ನಿಸಿತು.

ವರದಾ ಸೇತು ಅವರ ವಿಷಯವನ್ನೇ ತೆಗೆದುಕೊಳ್ಳಿ. ಕೇರಳ ಮೂಲದ ಈ ನಟಿ 2024ರ ‘ಬೂಮ್’ ಸಂಚಿಕೆಯಲ್ಲಿ ದೂರದ ಭವಿಷ್ಯದ ಸೈನಿಕಳಾಗಿ ಬಂದಿದ್ದರು. 2025ರಲ್ಲಿ ಲಂಡನ್ನಿನ ನರ್ಸ್ ಬೆಲಿಂಡಾ ಚಂದ್ರ ಆಗಿ ಡಾಕ್ಟರ್‌ನ ಸಂಗಾತಿಯಾದರು. ಒಂದೇ ಮುಖ, ಎರಡು ಪಾತ್ರ. ಆ ಸೈನಿಕಳು ಬೆಲಿಂಡಾಳ ವಂಶದವಳು ಅಂತ ಕಥೆ ಒಂದು ಮಾತಿನಲ್ಲಿ ಬಗೆಹರಿಸಿತು. ಪೀಟರ್ ಕಪಾಲ್ಡಿ ಕೂಡ 2008ರಲ್ಲಿ ಪಾಂಪೆ ನಗರದ ವ್ಯಾಪಾರಿಯಾಗಿ ಬಂದು 2013ರಲ್ಲಿ ಡಾಕ್ಟರ್ ಆದವರೇ. ಆ ಮುಖ ಯಾಕೆ ಎಂಬುದಕ್ಕೆ 2015ರಲ್ಲಿ ಕಾರಣವನ್ನೂ ಕೊಟ್ಟರು, ಒಳ್ಳೆಯ ಕಾರಣವನ್ನೇ ಕೊಟ್ಟರು. ಜನರನ್ನು ಉಳಿಸಬೇಕು ಅಂತ ತನಗೆ ತಾನೇ ನೆನಪಿಸಿಕೊಳ್ಳಲು ಡಾಕ್ಟರ್ ಆ ಮುಖ ಆರಿಸಿಕೊಂಡಿದ್ದರು. ನಟ-ನಟಿಯರ ಆಯ್ಕೆಯಿಂದ ಹುಟ್ಟುವ ಗೊಂದಲವನ್ನು ಈ ಸರಣಿ ಯಾವತ್ತೂ ಸಲೀಸಾಗಿ ದಾಟಿದೆ.

ಎಡವಿದ್ದು ಮುಂದೆ. ಬೆಲಿಂಡಾಗೆ ಬೇಕಿದ್ದದ್ದು ಒಂದೇ, ಮನೆಗೆ ವಾಪಸ್ ಹೋಗುವುದು. ತನ್ನ ಒಪ್ಪಿಗೆ ಕೇಳದೆ ಡಿಎನ್‌ಎ ಪರೀಕ್ಷಿಸಿದ ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡ ಹೆಂಗಸು ಆಕೆ. ಡ್ಯೂಟಿ, ಮನೆ, ತನ್ನ ಬದುಕು. ಆ ಹಟವೇ ಆಕೆಯ ಗುರುತಾಗಿತ್ತು. ಆದರೆ ಕೊನೆಯ ಸಂಚಿಕೆಯಲ್ಲಿ ವಾಸ್ತವವೇ ಬದಲಾಗಿ ಆಕೆಗೆ ಪಾಪಿ ಎಂಬ ಮಗಳಿದ್ದಾಳೆ ಅಂತಾಯಿತು. ಹಿಂದಿನ ದೃಶ್ಯಗಳನ್ನೇ ತಿದ್ದಿ ಮತ್ತೆ ತೋರಿಸಿದರು: ಮನೆಗೆ ಹೋಗಬೇಕು ಅಂತ ಆಕೆ ಅಷ್ಟು ದಿನ ಹಟ ಹಿಡಿದದ್ದು ಮಗಳಿಗಾಗಿಯೇ. ಎಂಟು ವಾರ ನಾವು ನೋಡಿದ ಹೆಂಗಸಿನ ಆಸೆಯನ್ನು ಕೊನೆಯ ಅರ್ಧ ಗಂಟೆಯಲ್ಲಿ ಅಳಿಸಿ, ಅಲ್ಲಿ ಇನ್ನೊಂದನ್ನು ಬರೆದರು. ಅದನ್ನು ಆಕೆಯನ್ನು ಕೇಳಿ ಮಾಡಲಿಲ್ಲ. ಆಕೆಗೆ ಗೊತ್ತೂ ಇಲ್ಲ. ಮೊದಲ ಸಂಚಿಕೆಯಲ್ಲಿ ಒಪ್ಪಿಗೆಯ ಬಗ್ಗೆ ಅಷ್ಟು ಖಾರವಾಗಿ ಮಾತಾಡಿದ ಪಾತ್ರಕ್ಕೆ ಹೀಗಾಯಿತು.

ಇದು ಅಟ್ಲಾಂಟಿಸ್ ಥರದ ತಪ್ಪಲ್ಲ. ಅಟ್ಲಾಂಟಿಸ್ ಹೇಗೆ ಮುಳುಗಿದರೂ ನಮಗೆ ನಷ್ಟವಿಲ್ಲ. ಇಲ್ಲಿ ಕಥೆ ‘ಈ ಹೆಂಗಸಿನ ಆಸೆಗೆ ಬೆಲೆ ಇದೆ, ನೋಡ್ತಾ ಇರಿ’ ಅಂತ ನಮಗೆ ಮಾತು ಕೊಟ್ಟಿತ್ತು. ಆ ಮಾತನ್ನು ತಾನೇ ಮುರಿಯಿತು. 2020ರ ಅನಾಥ ಮಗುವಿನ ಕಥೆಯಲ್ಲೂ ನನಗೆ ಕಂಡ ದೋಷ ಇದೇ. ಬಾಂಬ್ ಹಾಕಿದ್ದು ತಪ್ಪಲ್ಲ, ಹಾಕಿದ ಮೇಲೆ ಕೈ ತೊಳೆದುಕೊಂಡಿದ್ದು ತಪ್ಪು. ಕಳೆದುಹೋದ ನೆನಪುಗಳೆಲ್ಲ ತುಂಬಿದ ಗಡಿಯಾರ 2021ರ ಕೊನೆಗೆ ಡಾಕ್ಟರ್ ಕೈಗೆ ಸಿಕ್ಕಿತು. ಅದನ್ನು ತೆರೆಯದೆ ಟಾರ್ಡಿಸ್‌ನೊಳಗೆ ಬಚ್ಚಿಟ್ಟರು. ಜೋ ಮಾರ್ಟಿನ್ ಪಾತ್ರವೂ ಆಗೊಮ್ಮೆ ಈಗೊಮ್ಮೆ ಮುಖ ತೋರಿಸಿ ಹೋಯಿತೇ ಹೊರತು ಅವರಿಗೊಂದು ಪೂರ್ತಿ ಕಥೆ ಸಿಗಲಿಲ್ಲ.

ಹಾಗಾಗಿ ‘ಕಂಟಿನ್ಯುಟಿ’ ಎಂಬ ಪದವನ್ನು ನಾವು ಸ್ವಲ್ಪ ಬೇರೆ ಥರ ಅರ್ಥ ಮಾಡಿಕೊಳ್ಳಬೇಕು ಅನ್ನಿಸುತ್ತದೆ. ಇಸವಿ, ಸಂಖ್ಯೆ, ಮುಖಗಳ ಲೆಕ್ಕ ಮುಖ್ಯವಲ್ಲ. ಕಥೆ ತಾನು ಎತ್ತಿಕೊಂಡ ಭಾರವನ್ನು ಕೊನೆಯವರೆಗೂ ಹೊರುತ್ತದಾ ಎಂಬುದು ಮುಖ್ಯ.

ಬಿಲ್ಲು ಯಾರ ಹೆಸರಿಗೆ?

ಈ ಎರಡನ್ನೂ ಬೆರೆಸಿದ್ದರಿಂದ ಲಾಭ ಯಾರಿಗಾಯಿತು ನೋಡಿ. ಹೆಣ್ಣು ಡಾಕ್ಟರ್, ಕಪ್ಪು ಡಾಕ್ಟರ್ ಬೇಡವಾದವರಿಗೆ ‘ನಾವು ಇತಿಹಾಸ ಕಾಯುವವರು’ ಎಂಬ ಮರ್ಯಾದೆಯ ಅಂಗಿ ಸಿಕ್ಕಿತು. ಸರಣಿ ಮಾಡುವವರಿಗೂ ಅನುಕೂಲವಾಯಿತು. ಬರವಣಿಗೆ ಬಗ್ಗೆ ಯಾರಾದರೂ ಪ್ರಾಮಾಣಿಕವಾಗಿ ಪ್ರಶ್ನೆ ಎತ್ತಿದರೂ ಆ ಗುಂಪಿನವರೇ ಇರಬೇಕು ಅಂತ ತಳ್ಳಿಹಾಕಬಹುದು. ಮಧ್ಯದಲ್ಲಿ ಸಿಕ್ಕಿಕೊಂಡವರು ನಟರು.

ಇದಕ್ಕೆ ಬಣ್ಣ, ಲಿಂಗದ ಪ್ರಶ್ನೆಯೇ ಇಲ್ಲದ ಹಳೇ ಉದಾಹರಣೆಯೊಂದಿದೆ. 1985ರಲ್ಲಿ ಬಿಬಿಸಿ ಸರಣಿಯನ್ನು 18 ತಿಂಗಳು ನಿಲ್ಲಿಸಿತು. ಆಗ ಡಾಕ್ಟರ್ ಆಗಿದ್ದವರು ಕಾಲಿನ್ ಬೇಕರ್, ಬಿಳಿಯ ಗಂಡಸು. ಹಿಂಸೆ ಹೆಚ್ಚಾಯಿತು, ಕಥೆ ಹಳಸಿತು ಎಂಬ ದೂರುಗಳಿದ್ದವು. ಅವರು ಬರೆದ ಕಥೆಗಳಲ್ಲ, ಅವರು ಆರಿಸಿದ ಬಟ್ಟೆಯೂ ಅಲ್ಲ. ಆದರೂ 1986ರಲ್ಲಿ ಕೆಲಸ ಹೋದದ್ದು ಅವರದ್ದು. ನಿರ್ಮಾಪಕ ಜಾನ್ ನೇಥನ್-ಟರ್ನರ್ ಕುರ್ಚಿಯಲ್ಲೇ ಉಳಿದರು. ವಿದಾಯದ ದೃಶ್ಯಕ್ಕೆ ಬರಲು ಬೇಕರ್ ಒಪ್ಪಲಿಲ್ಲ. 1987ರಲ್ಲಿ ಹೊಸ ನಟ ಸಿಲ್ವೆಸ್ಟರ್ ಮೆಕಾಯ್ ಅವರ ತಲೆಗೇ ಬೇಕರ್‌ನ ಗುಂಗುರು ಕೂದಲಿನ ವಿಗ್ ಹಾಕಿ, ನೆಲದ ಮೇಲೆ ಮಲಗಿಸಿ, ಬದಲಾವಣೆಯ ದೃಶ್ಯ ಮುಗಿಸಿದರು. ಮುಖ ಬದಲಿಸಿದ್ದರಿಂದ ಕಾಯಿಲೆ ವಾಸಿಯಾಗಲಿಲ್ಲ. 1989ರ ಡಿಸೆಂಬರ್‌ನಲ್ಲಿ ಸರಣಿ ನಿಂತಿತು. 1996ರ ಒಂದು ಟಿ.ವಿ. ಸಿನಿಮಾ ಬಿಟ್ಟರೆ 2005ರವರೆಗೆ ಏಳಲಿಲ್ಲ. ಬೇಕರ್ ಒಳ್ಳೆಯ ಡಾಕ್ಟರ್ ಅಂತ ಅಭಿಮಾನಿಗಳಿಗೆ ಮನವರಿಕೆಯಾದದ್ದು ವರ್ಷಗಳ ನಂತರ, ‘ಬಿಗ್ ಫಿನಿಶ್’ ಸಂಸ್ಥೆಯ ಆಡಿಯೋ ನಾಟಕಗಳಲ್ಲಿ ಒಳ್ಳೆಯ ಬರವಣಿಗೆ ಸಿಕ್ಕಾಗ.

ಅದೇ 1986ರಲ್ಲಿ ಬಿಬಿಸಿಯ ಕಾರ್ಯಕ್ರಮವೊಂದರಲ್ಲಿ ಹದಿಹರೆಯದ ಅಭಿಮಾನಿಯೊಬ್ಬ ಕೂತು ಸರಣಿಯ ಬರವಣಿಗೆ ಸರಿಯಿಲ್ಲ ಅಂತ ಬರಹಗಾರರ ಎದುರೇ ಹೇಳಿದ್ದ. ಆ ಹುಡುಗನ ಹೆಸರು ಕ್ರಿಸ್ ಚಿಬ್ನಲ್. ಅಭಿಮಾನಿಗಳ ಜಗಳವನ್ನು ನಾನು ಹಗುರವಾಗಿ ನೋಡದಿರಲು ಇದೂ ಒಂದು ಕಾರಣ. 2005ರಿಂದ ಸರಣಿ ನಡೆಸಿದ ಡೇವಿಸ್, ಮೊಫಾಟ್, ಚಿಬ್ನಲ್ ಮೂವರೂ ಇದನ್ನು ನೋಡುತ್ತಲೇ ಬೆಳೆದ ಅಭಿಮಾನಿಗಳು. ಇವತ್ತು ಯಾರು ಏನಂತ ಜಗಳವಾಡುತ್ತಾರೋ ನಾಳೆ ಅವರೇ ಬರೆಯುವ ಮೇಜಿನ ಮುಂದೆ ಕೂರಬಹುದು.

ಈಗ ಗಾಟ್ವಾ ಹೋಗಿದ್ದಾರೆ. 2024 ಮತ್ತು 2025ರಲ್ಲಿ ಎಂಟೆಂಟು ಸಂಚಿಕೆ, ಜೊತೆಗೆ ಒಂದಷ್ಟು ವಿಶೇಷ ಸಂಚಿಕೆ, ಅಷ್ಟೇ ಸಿಕ್ಕಿದ್ದು. ಮುಂದೆ ಈ ಸರಣಿ ಮುಗ್ಗರಿಸಿದರೆ ‘ಕಪ್ಪು ನಟನನ್ನು ಹಾಕಿದರು, ಮುಳುಗಿತು’ ಎಂಬ ಒಂದು ಸಾಲಿನ ಇತಿಹಾಸ ಸಿದ್ಧವಾಗುತ್ತದೆ. ಮುಂದಿನ ಹತ್ತು ವರ್ಷ ಯಾವುದೇ ಚಾನೆಲ್ಲಿನ ಮೀಟಿಂಗಿನಲ್ಲಿ ಯಾರಾದರೂ ಹೊಸ ಮುಖದ ಹೆಸರು ಎತ್ತಿದಾಗ ಆ ಸಾಲನ್ನು ಎದುರಿಗಿಡುತ್ತಾರೆ. ನನಗೆ ಇದರಲ್ಲಿ ಚಿಂತೆಯ ವಿಷಯ ಅಂತ ಕಾಣುವುದು ಇದೇ. ಪೈಪರ್ ಬಗ್ಗೆಯೂ ಪ್ರಶ್ನೆ ಕೇಳಲೇಬೇಕು, ಆದರೆ ಆಕೆ ಹೆಣ್ಣು ಅಂತ ಅಲ್ಲ. 2022ರಲ್ಲಿ ಟೆನೆಂಟ್ ವಾಪಸ್, ಈಗ ಪೈಪರ್ ವಾಪಸ್. ಮುಂದಕ್ಕೆ ಹೋಗಬೇಕಾದ ಕಥೆ ಕಷ್ಟ ಬಂದಾಗಲೆಲ್ಲ ಇಪ್ಪತ್ತು ವರ್ಷದ ಹಿಂದಿನ ಆಲ್ಬಂ ತೆರೆಯುತ್ತಿರುವುದು ಯಾಕೆ? ಇದು ನ್ಯಾಯವಾದ ತಕರಾರು. ಉತ್ತರ ಹೇಳಬೇಕಾದವರು ಡೇವಿಸ್ ಮತ್ತು ಬಿಬಿಸಿ, ಪೈಪರ್ ಅಲ್ಲ.

ಕೊನೆಗೆ ಒಂದು ಹಳೇ ಬಾಕಿಯ ವಿಷಯ. 1964ರ ಡಿಸೆಂಬರ್‌ನಲ್ಲಿ ಹಾರ್ಟ್‌ನೆಲ್‌ನ ಡಾಕ್ಟರ್ ತನ್ನ ಮೊಮ್ಮಗಳು ಸೂಸನ್‌ಳನ್ನು ಭೂಮಿಯಲ್ಲೇ ಬಿಟ್ಟು, ಒಂದು ದಿನ ಬಂದೇ ಬರುತ್ತೇನೆ ಅಂತ ಹೇಳಿ ಹೋದರು. 1983ರ ವಿಶೇಷ ಸಂಚಿಕೆಯಲ್ಲಿ ಇಬ್ಬರೂ ಎದುರಾದರು, ಆದರೆ ತಾತ ಮೊಮ್ಮಗಳನ್ನು ಹುಡುಕಿ ಬಂದದ್ದಲ್ಲ, ಇಬ್ಬರನ್ನೂ ಯಾರೋ ಎಳೆದು ತಂದಿದ್ದರು. ಆಗಲೂ ಹಾರ್ಟ್‌ನೆಲ್ ತೀರಿಕೊಂಡು ಎಂಟು ವರ್ಷವಾಗಿತ್ತು, ಅವರ ಜಾಗದಲ್ಲಿ ರಿಚರ್ಡ್ ಹರ್ನ್‌ಡಾಲ್ ಇದ್ದರು. ಮುಖ ಬೇರೆ ಅಂತ ಸೂಸನ್ ಒಂದು ಮಾತೂ ಆಡಲಿಲ್ಲ, ಅವಳಿಗೆ ಅವರು ತಾತನೇ. 2025ರ ಮೇ ತಿಂಗಳಲ್ಲಿ, ಅದೇ ನಟಿ ಕ್ಯಾರಲ್ ಆನ್ ಫೋರ್ಡ್ ಮತ್ತೆ ಸೂಸನ್ ಆಗಿ ಗಾಟ್ವಾ ಅವರ ಡಾಕ್ಟರ್‌ನ ಮನಸ್ಸಿನಲ್ಲಿ ಕಾಣಿಸಿಕೊಂಡು ಕರೆದರು. ಆ ಆರು ದಶಕಗಳ ಬಾಕಿ ಈ ಸಲ ತೀರುತ್ತದೆ ಅಂದುಕೊಂಡೆವು. ಸರಣಿ ಮುಗಿಯಿತು, ಡಾಕ್ಟರ್ ಹೋಗಲಿಲ್ಲ.

ನನ್ನ ಗೆಳೆಯ ಫೋನ್ ಇಡುವ ಮುಂಚೆ ಕೇಳಿದ, ‘ಮುಂದಿನ ಡಾಕ್ಟರ್ ಯಾರಾಗ್ಬೇಕು ನಿನ್ನ ಪ್ರಕಾರ?’ ಯಾರಾದರೂ ಆಗಲಿ ಅಂದೆ. ಅಜ್ಜನಾಗಲಿ, ಅಜ್ಜಿಯಾಗಲಿ, ಪೈಪರೇ ಆಗಲಿ. ಬಂದವರು ಮೊದಲು ಸೂಸನ್ ಮನೆ ಬಾಗಿಲು ತಟ್ಟಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದೊಂದು ಒಪ್ತೀನಿ’ ಅಂದ.